ಕೆಳಮನೆಯ ಪ್ರಿಂಟರು

ಮೊನ್ನೆ ಭಾನುವಾರ ಬೆಳಿಗ್ಗೆ ನಮ್ಮ ಲಕ್ಷ್ಮೇಶ್ವರದ ಮನೆಯಲ್ಲಿ ಪ್ರಿಂಟರು ಯಾರೂ ಮುಟ್ಟದೆ ಕೆಲಸ ಶುರು ಮಾಡಿತು. ಹೆಂಡತಿ ಮಿಕ್ಸರ್ ಹಚ್ಚಲೆಂದು ಗೋಡೆಯ ಸ್ವಿಚ್ಚು ಒತ್ತಿದ್ದಳು. ಪ್ರಿಂಟರಿನ ವೈರೂ ಅದೇ ಬೋರ್ಡಿನಲ್ಲಿತ್ತು. ಒಂದೆರಡು ಸಲ ಗುರುಗುಟ್ಟಿ, ಎಂಟನೆಯ ತರಗತಿಯ ವಿಜ್ಞಾನದ ಪ್ರಶ್ನೆಪತ್ರಿಕೆಯನ್ನು ಒಂದಾದ ಮೇಲೊಂದರಂತೆ ಮೂರು ಪ್ರತಿ ಹೊರಗೆ ಹಾಕಿತು. ಹಿಂದಿನ ದಿನ ಮಧ್ಯಾಹ್ನ ಅದನ್ನು ಪ್ರಿಂಟ್ ಮಾಡಲು ನಾನು ಮೂರು ಸಲ ಗುಂಡಿ ಒತ್ತಿ, ಬರಲಿಲ್ಲವೆಂದು ಬೈದು ಎದ್ದುಹೋಗಿದ್ದೆ. ಪ್ರಿಂಟರಿಗೆ ಕರೆಂಟೇ ಇಲ್ಲವೆಂಬುದು ನನ್ನ ಗಮನಕ್ಕೆ ಬಂದಿರಲಿಲ್ಲ. ಒತ್ತಿದ್ದು ಎಲ್ಲಿಗೂ ಹೋಗುವುದಿಲ್ಲ ನೋಡಿ, ಕಂಪ್ಯೂಟರಿನೊಳಗೆ ಸರದಿ ಹಿಡಿದು ಕೂತಿರುತ್ತದೆ.

"ಅಯ್ಯ, ಇದಕ್ಕೇನ ದೆವ್ವ ಬಡದೈತೇನ್ರಿ?" ಎಂದು ಹೆಂಡತಿ ನಕ್ಕಳು. ಬೆಚ್ಚಗಿನ ಆ ಮೂರು ಹಾಳೆಗಳನ್ನು ತಂದು ನನ್ನ ಕೈಗಿತ್ತಳು. ಶಾಯಿಯ ವಾಸನೆ ಮೂಗಿಗೆ ಬಡಿಯಿತು. ನನಗೆ ನಗು ಬರಲಿಲ್ಲ. "ಯಾಕ್ರಿ, ಮಾರಿ ಯಾಕ ಹಂಗಾತು?" ಎಂದಳು. "ಏನಿಲ್ಲ" ಎಂದೆ. ಏಳು ವರ್ಷಗಳಿಂದ ನಾನು ಹೇಳುತ್ತಾ ಬಂದಿರುವುದು ಅದೇ ಮಾತು.

ಏನಿಲ್ಲ ಎಂದದ್ದು ಏನು ಎಂಬುದನ್ನು ನಿಮಗಾದರೂ ಹೇಳುತ್ತೇನೆ. ಹೇಳಿದರೆ ನೀವು ನನ್ನ ಬಗ್ಗೆ ಒಳ್ಳೆಯದನ್ನೇನೂ ತಿಳಿಯುವುದಿಲ್ಲ, ಅದು ನನಗೆ ಗೊತ್ತು.

ನಾನು ಮುಂಡರಗಿಯವನು. ಶಾಲಾ ಮಾಸ್ತರಿಕೆ ಹಿಡಿದು ಬೆಟಗೇರಿಗೆ ಬಂದಾಗ, ನೇಕಾರರ ಓಣಿಯಲ್ಲಿ ನನಗೂ ಹೆಂಡತಿಗೂ ಒಂದು ಮನೆಯ ಮಾಳಿಗೆ ಬಾಡಿಗೆಗೆ ಸಿಕ್ಕಿತು. ಕೆಳಗೆ ಅಣ್ಣತಮ್ಮಂದಿರ ಎರಡು ಸಂಸಾರ. ನಡುವೆ ಒಂದು ಅಂಗಳ, ಅದರ ಈ ಕಡೆ ಅಣ್ಣ ಶಂಕ್ರಪ್ಪ, ಆ ಕಡೆ ತಮ್ಮ ಈರಣ್ಣ. ಈರಣ್ಣ ಮಗ್ಗ ಬಿಟ್ಟು ವೆಲ್ಡಿಂಗ್ ಅಂಗಡಿಗೆ ಹೋಗುತ್ತಿದ್ದ. ಶಂಕ್ರಪ್ಪ ಮಾತ್ರ ದಿನವಿಡೀ ಕುಣಿಮಗ್ಗದಲ್ಲಿ, ನೆಲದ ಗುಂಡಿಯೊಳಗೆ ಕಾಲಿಳಿಬಿಟ್ಟು ಕೂತು ಸೀರೆ ನೇಯುತ್ತಿದ್ದ. ಮೊದಲ ವಾರ ಆ ಸಪ್ಪಳಕ್ಕೆ ನನಗೆ ತಲೆನೋವು ಬಂತು. ಆಮೇಲೆ ರಜೆಗೆ ಮುಂಡರಗಿಗೆ ಹೋದರೆ ಸಪ್ಪಳವಿಲ್ಲದೆ ಪಾಠದ ತಯಾರಿಯೇ ಆಗುತ್ತಿರಲಿಲ್ಲ.

ಆ ದಿನಗಳಲ್ಲಿ ನನಗೊಂದು ಹುಚ್ಚು ಹಿಡಿದಿತ್ತು. ಬೇರೆ ಮಾಸ್ತರರಿಗೆ ಇಸ್ಪೀಟು, ಸೈಟು, ಶೇರು ಎಂದು ಏನೇನೋ ಇರುತ್ತದಲ್ಲ, ನನಗೆ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಹುಚ್ಚು. ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ ಕಲಿತ ವಿದ್ಯೆ. ಕೇಬಲಿನ ಎಂಟು ಎಳೆಗಳ ಬಣ್ಣವನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದ್ದೆ: ಬಿಳಿ-ಕೇಸರಿ, ಕೇಸರಿ, ಬಿಳಿ-ಹಸಿರು, ನೀಲಿ... ಎಳೆಗಳನ್ನು ಕಚ್ಚಿಸುವ ಇಕ್ಕಳವನ್ನು ಶರಟಿನ ಕಿಸೆಯಲ್ಲಿಟ್ಟುಕೊಂಡು ಶಾಲೆಗೆ ಹೋಗುತ್ತಿದ್ದೆ ಎಂದರೆ ನೀವು ನಂಬಲಿಕ್ಕಿಲ್ಲ. ಅದಕ್ಕೆ ಅಲ್ಲಿ ಒಂದು ದಿನವೂ ಕೆಲಸ ಬೀಳಲಿಲ್ಲ.

ನನ್ನ ಹುಚ್ಚಿಗೆ ಒಂದು ಮನೆ ಬೇಕಿತ್ತು, ಅದು ಕಾಲಡಿಯಲ್ಲೇ ಇತ್ತು. ನನಗೆ ಪ್ರಶ್ನೆಪತ್ರಿಕೆ ಮುದ್ರಿಸಬೇಕು, ಶಂಕ್ರಪ್ಪನ ಮಗಳು ಸುಮಾಳಿಗೆ ಕಾಲೇಜಿನ ಪ್ರಾಜೆಕ್ಟು, ಈರಣ್ಣನ ಹೆಂಡತಿ ಕಸ್ತೂರಿಗೆ ರವಿಕೆಯ ಕಟಿಂಗಿನ ಚಿತ್ರಗಳು. ಮೂರು ಮನೆಗೆ ಮೂರು ಪ್ರಿಂಟರು ಯಾಕೆ, ಒಂದು ಸಾಕು, ಎಲ್ಲಿಂದ ಒತ್ತಿದರೂ ಬರುವಂತೆ ಮಾಡುತ್ತೇನೆ ಎಂದೆ. ರೌಟರನ್ನು ಮಾಳಿಗೆಯಲ್ಲಿ ನನ್ನ ಮೇಜಿನ ಮೇಲಿಟ್ಟು, ಅಂಗಳದ ಗೋಡೆಗುಂಟ ಕೇಬಲ್ ಇಳಿಸಿ, ಈರಣ್ಣನ ಹಳೆಯ ಕಂಪ್ಯೂಟರಿಗೆ ಜೋಡಿಸಿದೆ. ಮಗ್ಗದ ಕೋಣೆಯಲ್ಲಿ ಹತ್ತಿಯ ಧೂಳು ಹಾರುತ್ತಿತ್ತು, ಆದ್ದರಿಂದ ಪ್ರಿಂಟರು ಕಸ್ತೂರಿಯ ಪಡಸಾಲೆಗೆ ಬಂತು. ಮೊದಲ ಸಲ ಮಾಳಿಗೆಯಿಂದ ಒತ್ತಿ, ಮೆಟ್ಟಿಲು ಹಾರಿ ಕೆಳಗೆ ಓಡಿಬಂದು, ಹಾಳೆ ಬರುವುದನ್ನು ನಾನೇ ಕಣ್ಣಾರೆ ಕಂಡೆ. ಆ ಹೆಮ್ಮೆಯನ್ನು ಏನೆಂದು ಹೇಳಲಿ.

ಶಂಕ್ರಪ್ಪ ಮಗ್ಗದ ಕುಣಿಯಿಂದಲೇ ಮಾತಾಡಿದ: "ಮ್ಯಾಲ ಒತ್ತಿದ್ರ ಕೆಳಗ ಬರ್ತೈತಿ ಅಂತೀರಿ ಮಾಸ್ತರ. ನಾವು ದಿನಾ ಕೆಳಗ ತುಳದು ಮ್ಯಾಲ ಬಟ್ಟಿ ತಗೀತೀವಿ. ಏನ್ ದೊಡ್ಡ ಮಾತ್ರಿ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ನಗುವ ಮನೆಯಾಗಿತ್ತು ಅದು.

ಈಗ ದಡಿಯ ಮಾತಿಗೆ ಬರಬೇಕು. ದಡಿಯೆಂದರೆ ಸೀರೆಯ ಅಂಚು. ಅದರ ನಕ್ಷೆಯನ್ನು ಶಂಕ್ರಪ್ಪ ಚೌಕಳಿ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಮನೆ ಮನೆ ತುಂಬಿಸಿ ಬರೆಯುತ್ತಿದ್ದ. ಒಂದು ಮನೆಗೆ ಒಂದು ಎಳೆ. ಅವನ ಅಜ್ಜ ಬರೆದದ್ದು, ಅಪ್ಪ ಬರೆದದ್ದು, ತಾನು ಬರೆದದ್ದು ಎಲ್ಲ ಒಂದು ತಗಡಿನ ಪೆಟ್ಟಿಗೆಯಲ್ಲಿದ್ದವು. ಸುಮಾಳಿಗೆ ಇದರಲ್ಲಿ ಆಸಕ್ತಿಯಿರಲಿಲ್ಲ. ಆಸಕ್ತಿಯಿದ್ದದ್ದು ಕಸ್ತೂರಿಗೆ. ಹಿರೇಹಂದಿಗೋಳದ ಒಕ್ಕಲುತನದ ಮನೆಯಿಂದ ಸೊಸೆಯಾಗಿ ಬಂದವಳು, ಮದುವೆಗೆ ಮೊದಲು ಮಗ್ಗ ಹೇಗಿರುತ್ತದೆಂದು ಕಂಡವಳಲ್ಲ. ಆದರೆ ಒಂದು ದಿನ ಹಾಳೆ ನೋಡಿ, "ಭಾವ, ಈ ಸಾಲಿನಾಗ ಒಂದ್ ಮನಿ ಬಿಟ್ಟೀರಿ ನೋಡ್ರಿ" ಎಂದಳಂತೆ. ಶಂಕ್ರಪ್ಪ ಎಣಿಸಿ ನೋಡಿದ, ಹೌದು. ಅಂದಿನಿಂದ ಅವಳ ಕೈಗೆ ಪೆನ್ಸಿಲು ಕೊಟ್ಟ. "ನಮ್ಮ ಮನಿ ಕಣ್ಣು ಹೊರಗಿಂದ ಬಂದೈತ್ರಿ ಮಾಸ್ತರ" ಎಂದು ಅವನು ನನ್ನ ಮುಂದೆ ಹೇಳಿದ್ದ.

ಆ ಮನೆಯಲ್ಲಿ ಒಂದು ಪದ್ಧತಿ. ಮನೆಯ ಮಗಳ ಮದುವೆ ಗೊತ್ತಾದರೆ ಅವಳಿಗೆಂದೇ ಹೊಸ ದಡಿ ಬರೆಯಬೇಕು. ಅದನ್ನು ಮಾರುವಂತಿಲ್ಲ, ಇನ್ನೊಬ್ಬರಿಗೆ ನೇಯುವಂತಿಲ್ಲ. ಸೀರೆ ಮುಗಿಯುವ ದಿನ ಮನೆಯ ಹೆಣ್ಣುಮಕ್ಕಳೆಲ್ಲ ಸರದಿಯಂತೆ ಮಗ್ಗಕ್ಕೆ ಬಂದು ಒಬ್ಬೊಬ್ಬರು ಒಂದೊಂದು ಎಳೆ ಲಾಳಿ ಹಾಯಿಸಬೇಕು. ಸುಮಾಳ ಮದುವೆ ಗೊತ್ತಾದಾಗ ಭಾವ-ನಾದಿನಿ ಇಬ್ಬರೂ ಕೂಡಿ ನಾಲ್ಕು ತಿಂಗಳು ಬರೆದು ಅಳಿಸಿ ಒಂದು ದಡಿ ಮಾಡಿದರು. ಜೋಳದ ತೆನೆಯ ಎರಡೂ ಬದಿಗೆ ಹಕ್ಕಿ. ಆ ಹಕ್ಕಿ ಕಸ್ತೂರಿಯದು.

ಪೆಟ್ಟಿಗೆಯ ಹಳೆಯ ಹಾಳೆಗಳನ್ನು ಹುಳ ತಿನ್ನುತ್ತಿದ್ದವು. ಅದೇ ಪ್ರಿಂಟರಿನಲ್ಲಿ ಸ್ಕ್ಯಾನ್ ಮಾಡಿ ಇಡೋಣ ಎಂದು ಸೂಚಿಸಿದವನು ನಾನೇ. ಕಸ್ತೂರಿ ಅಡುಗೆ ಮುಗಿಸಿ ದಿನಕ್ಕೆ ನಾಲ್ಕೈದರಂತೆ ಎಲ್ಲವನ್ನೂ ಸ್ಕ್ಯಾನ್ ಮಾಡಿದಳು, ಸುಮಾಳ ದಡಿಯನ್ನೂ. ಎಲ್ಲ ಒಂದು ಕಡತದಲ್ಲಿ ಕೂತವು, ಹೆಸರು 'ದಡಿ'. ಅದನ್ನು ಯಾರು ಯಾರು ತೆರೆಯಬಹುದು ಎಂದು ಕಂಪ್ಯೂಟರು ನನ್ನನ್ನು ಕೇಳಿತು. ಹೆಸರು ಹೆಸರು ಹಾಕುತ್ತಾ ಕೂರಲು ಬೇಸರವಾಗಿ 'ಎಲ್ಲರೂ' ಎಂಬಲ್ಲಿ ಗುರುತು ಹಾಕಿದೆ. ಮುಂದೆ ಪಾಸ್‌ವರ್ಡ್ ಇಟ್ಟರಾಯಿತು ಎಂದುಕೊಂಡೆ. ಮೇಲಿನ ಮನೆಯ ನನಗೆ ಆ ಕಡತದಲ್ಲಿ ಏನು ಕೆಲಸ ಎಂಬ ಪ್ರಶ್ನೆ ನನಗೂ ಹೊಳೆಯಲಿಲ್ಲ, ಅವರೂ ಕೇಳಲಿಲ್ಲ. ಮಾಸ್ತರ ಎಂದರೆ ಅಷ್ಟು ವಿಶ್ವಾಸ.

ಒಂದು ಮಧ್ಯಾಹ್ನ ಗದಗಿನಿಂದ ನನ್ನ ಹಳೆಯ ಸಹಪಾಠಿಯೊಬ್ಬ ಬಂದ. ಸೀರೆ ವ್ಯಾಪಾರ ಮಾಡುತ್ತಿದ್ದ, ಹೊರಗಿನಿಂದ ಪವರ್‌ಲೂಮಿನ ಮಾಲು ತರಿಸಿ ಮಾರುತ್ತಿದ್ದ. ಚಹಾ ಕುಡಿಯುತ್ತಾ ನನ್ನ ನೆಟ್‌ವರ್ಕಿನ ಮಾತು ತೆಗೆದೆ. ನಾನಾಗಿಯೇ ತೆಗೆದೆ, ಅವನು ಕೇಳಿರಲಿಲ್ಲ. "ಇಲ್ಲಿ ಕುಂತು ಒತ್ತತೀನಿ, ಕೆಳಗ ಹಾಳಿ ಬೀಳ್ತೈತಿ ನೋಡು" ಎಂದೆ. ಪ್ರಶ್ನೆಪತ್ರಿಕೆ ಒತ್ತಬಹುದಿತ್ತು. ಅದು ನೋಡಲು ಏನು ಚೆಂದ? 'ದಡಿ' ತೆರೆದು, ಇದ್ದುದರಲ್ಲಿ ಅತಿ ಚೆಂದದ್ದನ್ನು ಆರಿಸಿ ಒತ್ತಿದೆ. ಕೆಳಗೆ ಸದ್ದಿಲ್ಲ. ಮತ್ತೊಮ್ಮೆ ಒತ್ತಿದೆ. ಇಲ್ಲ. ಮೂರನೆಯ ಸಲ ಒತ್ತಿ ಮೆಟ್ಟಿಲ ತನಕ ಹೋಗಿ ಕಿವಿಗೊಟ್ಟೆ. ಕಸ್ತೂರಿಯ ಪಡಸಾಲೆಗೆ ಬೀಗ. ಎಲ್ಲರೂ ಎಲ್ಲಿಗೋ ಲಗ್ನಕ್ಕೆ ಹೋಗಿದ್ದರು, ಪ್ರಿಂಟರು ಆರಿತ್ತು, ಕಂಪ್ಯೂಟರು ಮಾತ್ರ ಹಾಗೇ ನಡೆಯುತ್ತಿತ್ತು.

"ಇಷ್ಟ ಏನಲೇ ನಿನ್ನ ವಿದ್ಯಾ?" ಎಂದು ಅವನು ಹೊಟ್ಟೆ ಹಿಡಿದು ನಕ್ಕ.

ಆ ನಗು ನನಗೆ ತಡೆಯಲಾಗಲಿಲ್ಲ. "ಪ್ರಿಂಟರ್ ಬಂದ್ ಐತಿ, ಅದಕ್ಕ. ಫೈಲ್ ಹೆಂಗ ಬರ್ತಾವ ನೋಡು" ಎಂದು ಕೆಳಗಿನ ಕಂಪ್ಯೂಟರಿನಿಂದ ಆ ನಕ್ಷೆಯನ್ನು ಎಳೆದು ಅವನ ಮೊಬೈಲಿಗೇ ಕಳಿಸಿದೆ. ಟಿಣ್ ಎಂದಿತು. ಅವನು ಬೆರಳಿನಿಂದ ಹಿಗ್ಗಿಸಿ ನೋಡಿ, "ಹಕ್ಕಿ ಭಾಳ ಛಲೋ ಐತಿ" ಎಂದ. ನನ್ನ ವಿದ್ಯೆಗೆ ಸಿಕ್ಕ ಮೆಚ್ಚುಗೆ ಎಂದು ತಿಳಿದೆ.

ಎರಡೂವರೆ ತಿಂಗಳ ಮೇಲೆ, ಸುಮಾಳ ಸೀರೆ ಮಗ್ಗದ ಮೇಲೆ ಮುಕ್ಕಾಲು ಮುಗಿದಿದ್ದಾಗ, ಶಂಕ್ರಪ್ಪ ನೂಲು ತರಲು ಗದಗಿಗೆ ಹೋದವನು ಒಂದು ಸೀರೆ ಹಿಡಿದುಕೊಂಡು ಬಂದ. ಅಂಗಳದ ಕಲ್ಲಿನ ಮೇಲೆ ಅದನ್ನು ಹಾಕಿ ಬಿಡಿಸಿದ. ಹೊಳೆಯುವ ಬಟ್ಟೆ, ಗಿಣಿಹಸಿರು ಬಣ್ಣ, ಅಂಚಿಗೆ ಜೋಳದ ತೆನೆ, ಅದರ ಎರಡೂ ಬದಿಗೆ ಹಕ್ಕಿ. ಅಂಗಡಿಯಲ್ಲಿ ರಾಶಿ ಬಿದ್ದಿವೆಯಂತೆ. ಲಗ್ನದ ಕೆಲಸಕ್ಕೆಂದು ಬಂದಿದ್ದ ನೆಂಟರು, ನೆರೆಯವರು ಸುತ್ತ ಸೇರಿದರು. ನಾನೂ ಇಳಿದುಬಂದೆ. ನೋಡಿದ ಕ್ಷಣ ನನಗೆ ಎಲ್ಲವೂ ತಿಳಿಯಿತು.

"ಇದು ಮನಿ ಬಿಟ್ಟು ಹೆಂಗ ಹೋತು?" ಎಂದ ಶಂಕ್ರಪ್ಪ. ದನಿ ಏರಿಸಲಿಲ್ಲ.

ಯಾರೋ ಕಸ್ತೂರಿಯ ಅಣ್ಣನ ಹೆಸರು ತೆಗೆದರು. ಅವನು ಬೇರೆ ಊರಿನ ಪವರ್‌ಲೂಮಿನಲ್ಲಿ ದುಡಿಯುತ್ತಿದ್ದ. ಕಸ್ತೂರಿ ಒಳಗೆ ಹೋದಳು. ಕಪಾಟಿನಿಂದ ಮೂರು ಹಾಳೆ ತಂದು ಭಾವನ ಕೈಗೆ ಕೊಟ್ಟಳು. ಒಂದೇ ನಕ್ಷೆಯ ಮೂರು ಪ್ರತಿ.

"ಭಾವ, ನಾವು ಲಗ್ನಕ್ಕ ಹೋಗಿ ಬಂದ ದಿನ ಪ್ರಿಂಟರ್ ಹಚ್ಚಿದ ಕೂಡ್ಲೆ ತಾನ ಇವನ್ನ ಹೊರಗ ಒಗೀತ್ರಿ. ನಿಮಗ ಬೇಕಾಗಿ ಸುಮಾನ ಕಡಿಂದ ಒತ್ತಿಸಿರಬೇಕಂತ ಮಡಚಲಾರದ ತಗದಿಟ್ಟಿದ್ನಿ. ಅವತ್ತ ಯಾರೋ ಏನೋ ಮಾಡ್ಯಾರ್ರಿ."

ಅವಳು ನೆರವಾಗಲೆಂದು ತಂದುಕೊಟ್ಟದ್ದು ಅದು. ನೆರೆದವರ ಕಣ್ಣಿಗೆ ಕದ್ದ ಮಾಲಿನಂತೆ ಕಂಡಿತು. "ಮಷೀನ್ ತಾನ ಒಗೀತೈತಂತ!" ಎಂದು ಹಿಂದಿನಿಂದ ಒಬ್ಬಾಕೆ ನಕ್ಕಳು. ಸುಮಾ ತಾನು ಒತ್ತಿಲ್ಲ ಎಂದು ತಲೆಯಾಡಿಸಿದಳು. ಶಂಕ್ರಪ್ಪ ಹಾಳೆಗಳಿಂದ ಕಣ್ಣೆತ್ತಿ ನನ್ನ ಕಡೆ ನೋಡಿದ.

"ಮಾಸ್ತರ, ಇದನ್ನ ಹಚ್ಚಿದವ್ರು ನೀವು, ನೀವ ಹೇಳ್ರಿ. ಯಾರೂ ಒತ್ತಲಾರದ ಅದು ತಾನ ಒಗೀತೈತೇನ್ರಿ?"

ಹೇಳಬೇಕಾದ ಮಾತು ಬಾಯಿಯ ತನಕ ಬಂದಿತ್ತು. 'ಒತ್ತಿದವನು ನಾನು' ಎಂದಿದ್ದರೆ ಮುಗಿಯುತ್ತಿತ್ತು. ಮನೆ ಖಾಲಿ ಮಾಡಿ ಎನ್ನುತ್ತಿದ್ದರು, ಓಣಿಯಲ್ಲಿ ನಾಲ್ಕು ದಿನ ಆಡಿಕೊಳ್ಳುತ್ತಿದ್ದರು, ಅಷ್ಟೆ. ನಾನು ಗಂಟಲು ಸರಿಮಾಡಿಕೊಂಡು, ತರಗತಿಯಲ್ಲಿ ಉತ್ತರ ಹೇಳುವಂತೆ ಹೇಳಿದೆ:

"ಇಲ್ರಿ. ಯಾರಾದ್ರೂ ಒತ್ತಬೇಕು."

ಸುಳ್ಳಲ್ಲ ನೋಡಿ. ಆ ಮಾತಿನಲ್ಲಿ ಒಂದಕ್ಷರ ಸುಳ್ಳಿಲ್ಲ. ಏಳು ವರ್ಷ ನಾನು ಅದನ್ನೇ ಹಿಡಿದುಕೊಂಡು ಬದುಕಿದೆ: ನಾನು ಸುಳ್ಳು ಹೇಳಲಿಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟೆ. ಇಷ್ಟು ಹೊಲಸಾದ ಸತ್ಯವನ್ನು ನಾನು ಬೇರೆ ಯಾವತ್ತೂ ಆಡಿಲ್ಲ.

ಕಸ್ತೂರಿ ನನ್ನನ್ನು ನೋಡಿದಳು. ಅವಳಿಗೆ ಆಶ್ಚರ್ಯವಾಗಿತ್ತು, ಅಷ್ಟೇ. ನನ್ನ ಮೇಲೆ ಅನುಮಾನ ಇರಲಿಲ್ಲ. ಮಾಸ್ತರು ಹೇಳಿದ ಮೇಲೆ ತಾನು ಕಂಡದ್ದೇ ತಪ್ಪೇನೋ ಎನ್ನುವಂತೆ ಹುಬ್ಬು ಗಂಟಿಕ್ಕಿ ಪ್ರಿಂಟರಿನ ಕಡೆ ತಿರುಗಿದಳು. ಶಂಕ್ರಪ್ಪ ಬೈಯಲಿಲ್ಲ. "ಪೆನ್ಸಿಲ್ ಇಟ್ಟು ಹೋಗವಾ" ಎಂದಷ್ಟೇ ಹೇಳಿದ.

ಸೀರೆ ಮುಗಿಯುವ ದಿನ ಬಂತು. ಬೇರೆ ದಡಿ ಬರೆಯಲು ಹೊತ್ತಿರಲಿಲ್ಲ, ಅದನ್ನೇ ಮುಗಿಸಿದರು. ಮನೆಯ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಲಾಳಿ ಹಾಯಿಸಿದರು. ಕಸ್ತೂರಿ ತಲೆಗೆ ಎರೆದುಕೊಂಡು, ಮಡಿಸೀರೆ ಉಟ್ಟು ಮಗ್ಗದ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ಸರದಿ ಬಂದಾಗ ಶಂಕ್ರಪ್ಪನ ಹೆಂಡತಿ ಅವಳ ಭುಜದಾಚೆ ನೋಡಿ ನನ್ನ ಹೆಂಡತಿಯನ್ನು ಕರೆದಳು: "ಬರ್ರಿ ಅಕ್ಕಾರ, ನೀವೂ ಒಂದ್ ಎಳಿ ಹಾಕ್ರಿ." ಬಾಡಿಗೆಯವನ ಹೆಂಡತಿಯ ಎಳೆ ಆ ಸೀರೆಯಲ್ಲಿ ಕೂತಿತು. ಹಕ್ಕಿ ಬರೆದವಳ ಎಳೆ ಕೂಡಲಿಲ್ಲ. ನನ್ನಾಕೆ ಅಂದು ಮೇಲೆ ಬಂದು, "ಎಷ್ಟ್ ಮರ್ಯಾದಿ ಕೊಟ್ರು ನೋಡ್ರಿ" ಎಂದಳು.

ಸಹಪಾಠಿಯನ್ನು ಒಮ್ಮೆ ಕೇಳಿದೆ. "ಚಂದ ಇತ್ತು, ಮಾಡ್ಸಿದೆ. ನೀನ ಕಳಿಸಿದ್ದೆಲ್ಲೋ?" ಎಂದ. ಅವನೊಡನೆ ಮಾತು ಬಿಟ್ಟೆ, ತಪ್ಪೆಲ್ಲ ಅವನದೇ ಎಂಬಂತೆ. ಮರುವರ್ಷ ವರ್ಗ ಕೇಳಿ ಲಕ್ಷ್ಮೇಶ್ವರಕ್ಕೆ ಬಂದೆ. ಹೊರಡುವ ದಿನ ನಮ್ಮ ಸಾಮಾನನ್ನು ಗಾಡಿಗೆ ಏರಿಸಲು ಕೈಹಚ್ಚಿದವಳು ಕಸ್ತೂರಿ. ಸುಮಾಳನ್ನು ಕೊಟ್ಟದ್ದು ನಮ್ಮೂರು ಮುಂಡರಗಿಗೇ. ಬಸ್‌ಸ್ಟ್ಯಾಂಡಿನಲ್ಲಿ ಅವಳು ಕಂಡರೆ ನಾನು ಬಸ್ಸಿನ ಬೋರ್ಡು ಓದುವವನಂತೆ ಆ ಕಡೆ ತಿರುಗುತ್ತೇನೆ. ಎಲ್ಲವನ್ನೂ ಬರೆದು ಒಂದು ಕಾಗದ ಟೈಪು ಮಾಡಿಟ್ಟಿದ್ದೆ. ಅದನ್ನು ಮುದ್ರಿಸಲಿಲ್ಲ.

ಭಾನುವಾರ ಆ ಮೂರು ಪ್ರಶ್ನೆಪತ್ರಿಕೆ ಹಿಡಿದು ಕೂತವನು ಹೆಂಡತಿಗೆ ಇದನ್ನೆಲ್ಲ ಹೇಳಿದೆ. ಹೇಳಿ ಮುಗಿಸುವಾಗ ಒಲೆಯ ಮೇಲಿನ ರವೆ ಸೀದುಹೋಗಿತ್ತು. ಆಕೆ ಬಹಳ ಹೊತ್ತು ತನ್ನ ಕೈ ನೋಡಿಕೊಂಡಳು. ಆ ಎಳೆ ಹಾಕಿದ ಕೈ.

"ಇವತ್ತ ಹೋಗ್ರಿ" ಎಂದಳು. "ಅಲ್ಲಿ ತನಕ ನನ್ನ ಕೂಡ ಮಾತಾಡಬ್ಯಾಡ್ರಿ."

ಗದಗಿನ ಬಸ್ಸು ಹತ್ತಿದೆ. ಬೆಟಗೇರಿಯಲ್ಲಿ ಅದೇ ಓಣಿ. ಅಂಗಳಕ್ಕೆ ಕಾಲಿಟ್ಟಾಗ ಮಗ್ಗ ನಡೆಯುತ್ತಿತ್ತು. ನನ್ನ ಧೈರ್ಯ ಅಲ್ಲಿಗೆ ಹೋಗಲಿಲ್ಲ, ಈರಣ್ಣನ ಮನೆಯ ಕಡೆ ತಿರುಗಿತು. ಕಸ್ತೂರಿ ಪಡಸಾಲೆಯಲ್ಲಿ ಹೊಲಿಗೆ ಮಷೀನಿನ ಮುಂದೆ ಕೂತು ರವಿಕೆ ಹೊಲಿಯುತ್ತಿದ್ದಳು. "ಬರ್ರಿ ಮಾಸ್ತರ, ಕುಂಡ್ರಿ. ಅಕ್ಕಾರು ಆರಾಮ್ ಅದಾರ?" ಎಂದಳು. ನಾನು ಕೂರದೆ, ನಿಂತೇ ಎಲ್ಲ ಹೇಳಿದೆ. ಒತ್ತಿದ್ದು, ಕಳಿಸಿದ್ದು, ಗೊತ್ತಿದ್ದೂ ಬಾಯಿ ಮುಚ್ಚಿದ್ದು. ಅವಳು ಅಳುತ್ತಾಳೆ ಎಂದುಕೊಂಡಿದ್ದೆ, ಇಲ್ಲವೆ ಬೈಯುತ್ತಾಳೆ. ಹೋಗಲಿ ಬಿಡ್ರಿ ಎಂದುಬಿಟ್ಟಾಳು ಎಂಬ ಆಸೆಯೂ ಒಳಗೆಲ್ಲೋ ಇತ್ತು, ಸುಳ್ಳು ಹೇಳಲಾರೆ.

ಅವಳು ದಾರ ಕಡಿದು, ಬಟ್ಟೆ ತಿರುಗಿಸಿ ಇಟ್ಟಳು.

"ನನಗ್ಯಾಕ ಹೇಳಾಕತ್ತೀರ್ರಿ? ನಾ ಮಾಡಿಲ್ಲಂತ ನನಗ ಅವತ್ತ ಗೊತ್ತಿತ್ತಲ್ರಿ." ಗದ್ದದಿಂದ ಅಂಗಳದಾಚೆ ತೋರಿಸಿದಳು. "ಗೊತ್ತಿಲ್ಲದವ್ರು ಅಲ್ಲಿ ಅದಾರ."

ಮತ್ತೆ ಮಷೀನು ತುಳಿಯತೊಡಗಿದಳು.

ಅಂಗಳ ದಾಟಿದೆ. ಹತ್ತು ಹೆಜ್ಜೆ ಇರಬಹುದು. ಶಂಕ್ರಪ್ಪನಿಗೆ ವಯಸ್ಸಾಗಿದೆ, ಕಣ್ಣಿಗೆ ದಪ್ಪ ಕನ್ನಡಕ ಬಂದಿದೆ. ಮಗ್ಗದ ಮೇಲೆ ಇದ್ದದ್ದು ದಡಿಯಿಲ್ಲದ ಬರೀ ಬಿಳಿಯ ಬಟ್ಟೆ. ಎರಡನೆಯ ಸಲ ಹೇಳುವಾಗ ಮಾತು ಸಲೀಸಾಗಿ ಬಂತು, ಅದಕ್ಕೂ ನನಗೆ ನಾಚಿಕೆಯಾಯಿತು. ಅವನು ಮಗ್ಗ ನಿಲ್ಲಿಸಿ ಕೊನೆಯವರೆಗೂ ಕೇಳಿದ.

"ಅಕೀಗೆ ಹೇಳೀರೇನು?"

"ಹೇಳೀನ್ರಿ."

"ಏನಂದ್ಲು?"

ಅವಳು ಅಂದದ್ದನ್ನು ಹಾಗೆಯೇ ಹೇಳಿದೆ. ಅವನು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದ. ಒರೆಸುತ್ತಲೇ ಇದ್ದ.

"ಅವತ್ತ ಅಕಿ ಆಗಿದ್ದನ್ನ ಆದಂಗ ಹೇಳಿದ್ಲು" ಎಂದ. "ನಮ್ಮ ಮನಿ ಮಗಳು ಹೇಳಿದ್ದನ್ನ ಬಿಟ್ಟು ನಿಮ್ಮನ್ನ ಕೇಳಿದೆ ನೋಡ್ರಿ ನಾ."

ಬೇಗ ಏಳಲಾಗದ ಮನುಷ್ಯ. ಮಗ್ಗದ ತೊಲೆಗೆ ಕೈಯೂರಿ ಕುಣಿಯಿಂದ ಮೇಲೆ ಬಂದ. ನಾನು ಕೈ ಕೊಡಲು ಹೋದೆ, ಹಿಡಿಯಲಿಲ್ಲ. ಚಪ್ಪಲಿಯಿಲ್ಲದ ಕಾಲಲ್ಲಿ ಅಂಗಳ ದಾಟಿದ. ನಾನು ಹಿಂದೆ ನಡೆದೆ. ಪಡಸಾಲೆಯ ಹೊಸ್ತಿಲ ಹೊರಗೆ ನಿಂತು, "ಕಸ್ತೂರಿ" ಎಂದ.

ಅವಳು ತಲೆಯೆತ್ತಲಿಲ್ಲ. ತೋಳಿನ ಹೊಲಿಗೆ ಅರ್ಧದಲ್ಲಿತ್ತು. ಅದು ಮುಗಿಯುವ ತನಕ ಮಷೀನು ನಿಲ್ಲಿಸಲಿಲ್ಲ. ನಾವಿಬ್ಬರೂ ಬಾಗಿಲಲ್ಲಿ ನಿಂತೆವು.